ಹೊಳನಗದ್ದೆಯ ಬೇಲಿ ಮತ್ತು ಮಧ್ಯಾಹ್ನ ಮೂರು ಗಂಟೆ

ಹೆಸರು ಶ್ರೀಮತಿ ಶ್ರೀಗೌರಿ ಕೋಂ ಸುದರ್ಶನ ಭಟ್ಟ, ಪ್ರಾಯ 44 ವರ್ಷ, ವೃತ್ತಿ ಕುಮಟಾದ ಖಾಸಗಿ ರಕ್ತಪರೀಕ್ಷಾ ಕೇಂದ್ರದಲ್ಲಿ ತಂತ್ರಜ್ಞೆ, ಸಾ|| ಹೊಳನಗದ್ದೆ, ತಾ|| ಕುಮಟಾ. ಇಂದು ದಿನಾಂಕ 14-11-2024ರಂದು ಠಾಣೆಗೆ ಸ್ವತಃ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ಮೇಲಿನ ವಿಳಾಸದಲ್ಲಿ ನಾನು, ನನ್ನ ಗಂಡ ಸುದರ್ಶನ ಮತ್ತು ಅತ್ತೆ ಮಹಾಲಕ್ಷ್ಮೀ, ಪ್ರಾಯ 73, ವಾಸವಾಗಿದ್ದೇವೆ. ಗಂಡ ಹೊನ್ನಾವರದ ಕಾಲೇಜೊಂದರಲ್ಲಿ ಗುಮಾಸ್ತರು. ನಾವಿಬ್ಬರೂ ಬೆಳಿಗ್ಗೆ ಎಂಟಕ್ಕೆ ಹೊರಟರೆ ಮನೆಗೆ ಬರುವುದು ಸಂಜೆ ಆರರ ಮೇಲೆ. ಹಗಲು ಮನೆಯಲ್ಲಿ ಅತ್ತೆಯವರೊಬ್ಬರೇ ಇರುತ್ತಾರೆ. ನಮ್ಮ ಹಿತ್ತಲಿನ ಪಶ್ಚಿಮಕ್ಕೆ ತಾಗಿ ಗಣಪಿ ಎಂಬವರ ಮನೆ ಇದೆ. ಅವರ ಮಗ ರಾಘು, ಪ್ರಾಯ 30, ವಾಹನ ಚಾಲಕ.

ಬೀದಿದನಗಳ ಕಾಟ ಹೆಚ್ಚಾದ್ದರಿಂದ ಹಳೆಯ ದಾಸವಾಳದ ಬೇಲಿ ತೆಗೆದು ಸಿಮೆಂಟ್ ಕಂಬ, ತಂತಿ ಜಾಲರಿಯ ಬೇಲಿ ಹಾಕಲು ಗಂಡ ಗ್ರಾಮ ಪಂಚಾಯತಕ್ಕೆ ಅರ್ಜಿ ಕೊಟ್ಟಿದ್ದರು. ಸೆಪ್ಟೆಂಬರ್ ತಿಂಗಳಲ್ಲಿ ಪಂಚಾಯತದವರು ಜಾಗ ನೋಡಲು ಬಂದಾಗ ನಾನೂ ಇದ್ದೆ. ರಸ್ತೆಯ ಅಂಚಿನಿಂದ ಎಷ್ಟು ಜಾಗ ಬಿಡಬೇಕೆಂದು ಅಳೆದು ತೋರಿಸಿದರು. ನಂತರ ಈ ಹಿತ್ತಲಿನಲ್ಲಿ ರೂಢಿಯ ಕಾಲುದಾರಿ ಏನಾದರೂ ಇದೆಯೇ, ಇದ್ದರೆ ಅದನ್ನು ಮುಚ್ಚಲು ಅನುಮತಿ ಸಿಗುವುದಿಲ್ಲ ಎಂದರು. ಗಂಡ ಇಲ್ಲ ಎಂದರು. ಅತ್ತೆಯವರೂ ಇಲ್ಲ ಎಂದರು. ಗಣಪಿಯವರನ್ನು ಕರೆದು ಕೇಳಿದಾಗ ಅವರೂ ಇಲ್ಲ ಎಂದು ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದರು. ಅನುಮತಿ ಬಂತು. ಅಕ್ಟೋಬರ್ ಎರಡನೇ ವಾರ ಹೊನ್ನಾವರದ ಕೆಲಸಗಾರರು ಬೇಲಿ ಮುಗಿಸಿಕೊಟ್ಟರು.

ದೀಪಾವಳಿಗೆ ಕೆಲವು ದಿನ ಮೊದಲು ಪಶ್ಚಿಮದ ಬೇಲಿಯಲ್ಲಿ, ಪೇರಲೆ ಮರದ ಹತ್ತಿರದ ಕಂಬದಲ್ಲಿ, ಜಾಲರಿಯನ್ನು ಕಟ್ಟಿದ್ದ ತಂತಿ ಇಲ್ಲದಿರುವುದನ್ನು ಗಂಡ ನೋಡಿದರು. ತಂತಿಯ ಬದಲು ತೆಂಗಿನ ನಾರಿನ ಹುರಿಯಿಂದ ಕಟ್ಟಲಾಗಿತ್ತು. ಗಂಡ ಹೊಸ ತಂತಿ ಸುತ್ತಿದರು. ಎರಡು ದಿನ ಬಿಟ್ಟು ನೋಡಿದರೆ ಮತ್ತೆ ಹುರಿ. ಹೀಗೆ ಮೂರು ಸಲ ಆಯಿತು. ಹಿತ್ತಲಿನಿಂದ ಒಂದು ತೆಂಗಿನಕಾಯಿಯೂ ಹೋಗಿರಲಿಲ್ಲ. ಬೇಲಿ ಕತ್ತರಿಸುವವರನ್ನು ಯಾರನ್ನಾದರೂ ಕಂಡಿರಾ ಎಂದು ಗಂಡ ಅತ್ತೆಯವರನ್ನು ಕೇಳಿದರು. ಅತ್ತೆಯವರು ಅಂಥವರನ್ನು ತಾನು ಕಂಡಿಲ್ಲ, ಕಂಡರೆ ಬಿಡುವುದೂ ಇಲ್ಲ ಎಂದರು.

ದಿನಾಂಕ 08-11-2024ರಂದು ಗಂಡ ಈ ಠಾಣೆಗೆ ದೂರು ಕೊಟ್ಟರು. ಯಾರೋ ತಂತಿ ಕತ್ತರಿಸಿ ಅತಿಕ್ರಮ ಪ್ರವೇಶ ಮಾಡುತ್ತಿದ್ದಾರೆ, ನೆರೆಮನೆಯ ರಾಘುವಿನ ಮೇಲೆ ಅನುಮಾನವಿದೆ ಎಂದು ಬರೆಸಿದ್ದರು. ರಾಘುವಿನ ವಾಹನದಲ್ಲಿ ಯಾವಾಗಲೂ ಕಟಿಂಗ್ ಪ್ಲೇಯರ್ ಇರುವುದೇ ಅನುಮಾನಕ್ಕೆ ಕಾರಣ. ದಿನಾಂಕ 11ರಂದು ರಾಘುವನ್ನು ಠಾಣೆಗೆ ಕರೆಸಿ ವಿಚಾರಿಸಿದ್ದು ನನಗೆ ಸಂಜೆ ಗೊತ್ತಾಯಿತು. ರಾಘುವಿಗೆ ಹೊನ್ನಾವರದಲ್ಲಿ ಶಾಲಾ ಬಸ್ಸಿನ ಚಾಲಕನ ಕೆಲಸ ನಿಗದಿಯಾಗಿದ್ದು, ಬರುವ ಸೋಮವಾರದೊಳಗೆ ಪೊಲೀಸ್ ಪರಿಶೀಲನಾ ಪತ್ರ ಕೊಡದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆಂದೂ, ದೂರಿನಲ್ಲಿ ಹೆಸರಿರುವುದರಿಂದ ಪತ್ರ ನಿಂತಿದೆಯೆಂದೂ ತಿಳಿಯಿತು.

ಕದಿಯದೆ ಹೋಗುವವನು ಬೇಲಿಯನ್ನು ವಾಪಸು ಯಾಕೆ ಕಟ್ಟುತ್ತಾನೆ ಎಂಬುದು ನನಗೆ ಮೊದಲಿಂದಲೂ ಅರ್ಥವಾಗಿರಲಿಲ್ಲ. ಅದೇ ಸಂಜೆ ಬ್ಯಾಟರಿ ಹಿಡಿದು ಹೋಗಿ ಕಂಬ ನೋಡಿದೆ. ಹುರಿಯ ಗಂಟು ನಮ್ಮ ಹಿತ್ತಲಿನ ಕಡೆಗಿತ್ತು. ಕೆಳಗೆ ಹುಲ್ಲಿನಲ್ಲಿ ಹಳೆಯ ತಂತಿ ಬಿದ್ದಿತ್ತು. ಅದರ ತುದಿಗಳು ಕತ್ತರಿಸಿದಂತಿರಲಿಲ್ಲ, ಸುತ್ತಿದ್ದನ್ನು ಬಿಡಿಸಿ ನೇರ ಮಾಡಿದಂತಿದ್ದವು. ಅಂಥ ಗಂಟನ್ನು ನಾನು ಎಲ್ಲೋ ನೋಡಿದ್ದೆ. ವಾಪಸು ಬರುವಾಗ ಬಸಳೆ ಚಪ್ಪರದ ಕೆಳಗೆ ತಲೆ ಬಗ್ಗಿಸಿದೆ. ಚಪ್ಪರದ ಗಳಗಳಿಗೆಲ್ಲ ಅದೇ ಗಂಟು. ಆ ಚಪ್ಪರ ಕಟ್ಟಿದವರು ನನ್ನ ಅತ್ತೆ.

ಮರುದಿನ ರಜೆ ಹಾಕಿದೆ. ಕೆಲಸಕ್ಕೆ ಹೋದಂತೆ ಮಾಡಿ ಹಿಂದಿನಿಂದ ಬಂದು ಕೊಟ್ಟಿಗೆಯಲ್ಲಿ ಕುಳಿತೆ. ಮಧ್ಯಾಹ್ನ ಮೂರಕ್ಕೆ ಅತ್ತೆಯವರು ಅಡುಗೆಮನೆಯ ಇಕ್ಕಳ ಮತ್ತು ಎಲೆಯಡಿಕೆ ಕವಳದ ತಟ್ಟೆ ಹಿಡಿದು ಬಂದರು. ಅಂದು ಇಕ್ಕಳ ಬೇಕಾಗಲಿಲ್ಲ. ಹುರಿ ಬಿಚ್ಚಿ ಜಾಲರಿಯನ್ನು ಮಡಚಿ ಕಂಬಕ್ಕೆ ಸಿಕ್ಕಿಸಿದರು. ಆಚೆಯಿಂದ ಗಣಪಿಯವರು ಮೊಣಕಾಲು ಹಿಡಿದುಕೊಂಡು ದಾಟಿ ಬಂದರು. ಇಬ್ಬರೂ ಪೇರಲೆ ಮರದ ಬುಡದಲ್ಲಿ ಕುಳಿತರು. ನಾನು ಹತ್ತು ಮಾರು ದೂರದಲ್ಲಿದ್ದೆ. ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

ಗಣಪಿಯವರು ಅಳುತ್ತಿದ್ದರು. "ಪೊಲೀಸ್ರು ಕೇಳ್ತ್ರಂತೆ ಅಮ್ಮಾ, ಬೇಲಿ ಎಂತಕ್ಕೆ ಕತ್ತರ್ಸ್ದೆ ಅಂತೆ. ನಿಮ್ಮನೆ ಬೇಲಿ ಕತ್ತರ್ಸಿ ನನ್ ಮಗ ಎಂತ ಮಾಡ್ತಾ? ಉಪ್ಪಿನಕಾಯಿ ಹಾಕ್ತಾ?" ಎಂದರು. ದೂರು ಕೊಟ್ಟ ವಿಷಯ ಅತ್ತೆಯವರಿಗೆ ಗೊತ್ತಾಗಿದ್ದೇ ಆಗ. ಅವರು ಕವಳ ಉಗಿದು, "ಯಾವ ಹಾಳಾದಂವ ಕತ್ತರಿಸಿದ್ನೋ ಏನೋ. ರಸ್ತೆ ಬದಿಗೆ ಆಗಿಕ್ಕು. ಇಲ್ಲಿ ಆದ್ರೆ ಎನ್ನ ಕಣ್ಣಿಗೆ ಕಾಣ್ತಿತ್ತು" ಎಂದರು. ತಾವು ಬಿಚ್ಚಿದ ಬೇಲಿಯ ಸಂದಿನ ಪಕ್ಕದಲ್ಲೇ ಕುಳಿತು ಇಬ್ಬರೂ ಬೇಲಿ ಕತ್ತರಿಸಿದವನು ಯಾರಿರಬಹುದೆಂದು ಸುಮಾರು ಹೊತ್ತು ಯೋಚಿಸಿದರು. ಅದು ನಾಟಕವಾಗಿರಲಿಲ್ಲ ಎಂದು ನಾನು ಖಚಿತವಾಗಿ ಹೇಳಬಲ್ಲೆ.

ನಾನು ಹೊರಗೆ ಬಂದು ಕಂಬ ತೋರಿಸಿ ಕೇಳಿದಾಗ ಅತ್ತೆಯವರು, "ಆನು ಕತ್ತರಿಸಿದ್ದಿಲ್ಲೆ ಮಾರಾಯ್ತಿ. ಬಿಚ್ಚಿದ್ದು, ಮತ್ತೆ ಕಟ್ಟಿದ್ದು. ಅಂವ ಕಟ್ಟಿದ್ದಕ್ಕಿಂತ ಗಟ್ಟಿ ಇದ್ದು, ಎಳೆದು ನೋಡು" ಎಂದರು. ಆ ಜಾಗದಲ್ಲಿ ಮೊದಲು ದಣಪೆ ಇತ್ತು. ದಣಪೆಯೆಂದರೆ ಬೇಲಿಯ ನಡುವೆ ಎರಡು ಗೂಟಗಳಿಗೆ ಅಡ್ಡ ಬಿದಿರು ತೂರಿಸಿ ಮಾಡಿದ ದಾಟುವ ಜಾಗ. ಮನುಷ್ಯರು ದಾಟಬಹುದು, ದನ ನುಗ್ಗುವುದಿಲ್ಲ. ಅತ್ತೆಯವರು ಮದುವೆಯಾಗಿ ಬಂದಾಗಿನಿಂದ ಅವರಿಬ್ಬರೂ ಮಧ್ಯಾಹ್ನ ಅಲ್ಲಿ ಕೂಡುತ್ತಿದ್ದರು. ಈಗ ಗಣಪಿಯವರು ರಸ್ತೆಯ ಗೇಟಿನಿಂದ ಬರಬೇಕಾದರೆ ಹಳ್ಳದ ಮೋರಿ ಸುತ್ತಿ ಅರ್ಧ ಕಿಲೋಮೀಟರ್ ಆಗುತ್ತದೆ. ಜಾಲರಿಯ ಆಚೆ ಈಚೆ ಕುಳಿತು ಮಾತಾಡಬಹುದಿತ್ತಲ್ಲ ಎಂದು ಕೇಳಿದೆ. "ಜೈಲಿನವರ ಕಂಡಂಗೆ ಮಾತಾಡಲೆ ಎನ್ನ ಕೈಲಿ ಆಗ್ತಿಲ್ಲೆ" ಎಂದರು.

ಹಾಗಾದರೆ ಪಂಚಾಯತದವರು ಕೇಳಿದಾಗ ದಾರಿ ಇಲ್ಲ ಎಂದದ್ದೇಕೆ ಎಂದು ಇಬ್ಬರನ್ನೂ ಕೇಳಿದೆ. ಗಣಪಿಯವರಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ದಾರಿ ಅಂದ್ರೆ ಊರೋರು ಹೋಗೂದಲ್ರಾ? ಇದು ನಮ್ದು ನಿಮ್ದು. ಇದ್ನ ಯಾರಾರೂ ದಾರಿ ಅಂತ್ರಾ?" ಎಂದರು. ಬೇಲಿ ಹಾಕಿದರೆ ದಣಪೆ ಇದ್ದೇ ಇರುತ್ತದೆ, ಅದನ್ನು ಬೇರೆ ಬರೆಸಬೇಕೆಂದು ತಮಗೆ ಹೊಳೆಯಲಿಲ್ಲ ಎಂದೂ ಹೇಳಿದರು.

ಸಂಜೆ ಗಂಡನಿಗೆ ಎಲ್ಲ ತಿಳಿಸಿದೆ. ಅವರು, ದಣಪೆಯ ವಿಷಯ ಬರವಣಿಗೆಗೆ ಬಂದರೆ ಅನುಮತಿಯೇ ರದ್ದಾಗಬಹುದು, ದೂರನ್ನು ಸುಮ್ಮನೆ ಹಿಂಪಡೆದರೆ ಸಾಕಲ್ಲವೇ ಎಂದರು. ಸುಮ್ಮನೆ ಹಿಂಪಡೆದರೆ ರಾಘು ತಪ್ಪು ಮಾಡಿದ್ದ, ನಾವು ಬಿಟ್ಟೆವು ಎಂದು ಊರು ತಿಳಿಯುತ್ತದೆ, ಅವನ ಪತ್ರದ ಮೇಲೂ ಆ ನೆರಳು ಇರುತ್ತದೆ ಎಂದು ನಾನು ಹೇಳಿದೆ. ಅತ್ತೆಯವರು ಒಳಗಿನಿಂದಲೇ, "ಎನ್ನ ಹೆಸರು ಬರೆಸು. ಇಕ್ಕಳ ಬೇಕಾದ್ರೆ ಜಪ್ತಿ ಮಾಡ್ಲಿ" ಎಂದರು.

ನಿನ್ನೆ ದಿನಾಂಕ 13ರಂದು ಹೆಡ್ ಕಾನ್‌ಸ್ಟೇಬಲ್ ಸ್ಥಳ ನೋಡಲು ಬಂದಿದ್ದರು. ಎರಡೂ ಮನೆಗಳಲ್ಲಿ ವಿಚಾರಿಸಬೇಕಿದ್ದರಿಂದ ಅವರೂ ಆ ಸಂದಿನಿಂದಲೇ ಆಚೆ ಹೋಗಿ ಈಚೆ ಬಂದರು.

ಅನುಮತಿಯ ಬಗ್ಗೆ ಪಂಚಾಯತದವರು ಏನು ತೀರ್ಮಾನಿಸಿದರೂ ನಮಗೆ ಒಪ್ಪಿಗೆ ಇದೆ. ಬೇಲಿ ಬಿಚ್ಚಿದ್ದು ನಮ್ಮ ಮನೆಯ ಒಳಗಿನಿಂದ, ನಮ್ಮ ಮನೆಯವರೇ. ರಾಘು ಅದನ್ನು ಮುಟ್ಟಿಲ್ಲ. ಇದನ್ನು ಬರೆದುಕೊಂಡು ಸೋಮವಾರದೊಳಗೆ ಅವನ ಪತ್ರ ಕೊಡಬೇಕೆಂದು ಕೋರುತ್ತೇನೆ. ನನ್ನ ಗಂಡ ಹೊರಗೆ ಬೆಂಚಿನ ಮೇಲೆ ರಾಘುವಿನ ಪಕ್ಕದಲ್ಲಿ ಕುಳಿತಿದ್ದಾರೆ. ಅವರೂ ಇದನ್ನೇ ಹೇಳುತ್ತಾರೆ.

ಈ ಹೇಳಿಕೆ ನಾನು ಕಂಡು ಕೇಳಿದ್ದು, ಸತ್ಯವಾದದ್ದು. ನನಗೆ ಓದಿ ಹೇಳಿದರು. ಒಂದು ಕಡೆ ಬೇಲಿ ಕತ್ತರಿಸಿದ ಜಾಗ ಎಂದಿತ್ತು. ಅದನ್ನು ಹೊಡೆದುಹಾಕಿಸಿ ದಣಪೆ ಇದ್ದ ಜಾಗ ಎಂದು ಬರೆಸಿ, ಬದಿಯಲ್ಲಿ ಸಹಿ ಮಾಡಿದ್ದೇನೆ.

ಸ್ಥಳ: ಕುಮಟಾ
ದಿನಾಂಕ: 14-11-2024, ಬೆಳಿಗ್ಗೆ 11-20

(ಸಹಿ)
ಶ್ರೀಗೌರಿ ಸುದರ್ಶನ ಭಟ್ಟ