ಮಗ್ಗುಲು ತಿರುಗಿಸುವ ಮುನ್ನ

ಯಾವುದೋ ಪಟ್ಟಣದಲ್ಲಿ ಎಣ್ಣೆ ಗಿರಣಿಯ ಸಾಹುಕಾರನೊಬ್ಬ ಇದ್ದ ಅಂದುಕೊಳ್ಳಿ. ಅವನು ಕೆಮ್ಮಿದರೂ ಸಾಕು, ಗಿರಣಿಯ ಜನ ಎದ್ದು ನಿಲ್ಲುತ್ತಿದ್ದರು. ಅಂಥವನು ಒಂದು ದಿನ ಏಣಿಯಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡ. ನೋಡಿ, ಎಂಥ ಸಾಹುಕಾರನಾದರೇನು? ಬೆನ್ನು ಮುರಿದ ಮೇಲೆ ಅವನ ಪಾಲಿಗೆ ಉಳಿಯುವುದು ಆಸ್ಪತ್ರೆಯ ಸೂರು ಒಂದೇ. ಮಲಗಿಕೊಂಡು ಅದನ್ನೇ ನೋಡಬೇಕು.

ಆಪರೇಷನ್ ಆಯಿತು. ಕಂಬಿ ಹಾಕಿ ಮೂಳೆ ಕೂರಿಸಿದರು. ಮಾರನೆಯ ಬೆಳಿಗ್ಗೆ ದೊಡ್ಡ ಡಾಕ್ಟರು ಬಂದು ಕಾಲ್ಬೆರಳು ಆಡಿಸಲು ಹೇಳಿದರು. ಆಡಿಸಿದ. "ಹೀಗೇ ಇದ್ರೆ ನಾಳೆ ಎಬ್ಬಿಸಿ ನಿಲ್ಲಿಸ್ತೀವಿ" ಅಂದರು. ಅಷ್ಟು ಸಾಕಾಯಿತು ಅವನಿಗೆ. ನೋಡಲು ಬಂದವರಿಗೆಲ್ಲ "ನಾಳೆ ನಿಲ್ತೀನಿ, ನಾಳೆ ನಿಲ್ತೀನಿ" ಎಂದು ಸಾರಿದ.

ಊಟದ ಹೊತ್ತಿಗೆ ಎಡಗಾಲಿನ ಬೆರಳು ಜೋಮು ಹಿಡಿದ ಹಾಗಾಯಿತು. ಒಂದೇ ಕಡೆ ಮಲಗಿದ್ದಕ್ಕಿರಬೇಕು ಅಂದುಕೊಂಡ. ಜೋಮು ಪಾದಕ್ಕೆ ಬಂತು. ಆಮೇಲೆ ಹಿಮ್ಮಡಿಗೆ. ಹೆಂಡತಿ ಊಟದ ಡಬ್ಬಿ ಬಿಚ್ಚುತ್ತ ಅವನ ಮುಖ ನೋಡಿದಳು.

"ಯಾಕ್ರೀ, ಹಂಗ್ಯಾಕೆ ಬೆವರ್ತಿದೀರಾ?"

"ಏನಿಲ್ಲ."

"ಏನಿಲ್ಲ ಅಂದ್ರೆ?"

"ಫ್ಯಾನ್ ಸರಿಯಿಲ್ಲ. ಸುಮ್ನಿರು."

ಫ್ಯಾನು ಚೆನ್ನಾಗಿಯೇ ತಿರುಗುತ್ತಿತ್ತು. ಅವನು ಹೊದಿಕೆಯೊಳಗೆ ಬೆರಳು ಆಡಿಸಲು ನೋಡಿದ. ಆಡಿತೋ ಇಲ್ಲವೋ, ಅವನಿಗೇ ತಿಳಿಯಲಿಲ್ಲ. ಹೇಳಿದರೆ ಮತ್ತೆ ಕೊಯ್ಯುತ್ತಾರೆ. ಹೇಳಿದರೆ ನಾಳೆ ನಿಲ್ಲಿಸುವುದಿಲ್ಲ. ಹೇಳದಿದ್ದರೆ? ತಾನಾಗಿಯೇ ಹೋಗಬಹುದು. ಹೋಗಬಹುದಲ್ಲವೇ? ನೀವೇನು ನಗುತ್ತೀರಿ? ಎದೆ ಹಿಡಿದುಕೊಂಡು, ಗ್ಯಾಸು, ಏನೂ ಆಗಿಲ್ಲ ಅನ್ನುವವರು ಇಲ್ಲಿ ಯಾರೂ ಕೂತಿಲ್ಲವೇ?

ಅಷ್ಟರಲ್ಲಿ ಮಗ್ಗುಲು ತಿರುಗಿಸಲು ಬಂದರು. ಬೆನ್ನು ಮುರಿದವನನ್ನು ಒಬ್ಬರೇ ತಿರುಗಿಸುವ ಹಾಗಿಲ್ಲ. ತಲೆಗೊಬ್ಬರು, ಭುಜಕ್ಕೊಬ್ಬರು, ಸೊಂಟಕ್ಕೊಬ್ಬರು, ಕಾಲಿಗೊಬ್ಬರು ನಿಂತು, ಮರದ ದಿಮ್ಮಿ ಹೊರಳಿಸಿದ ಹಾಗೆ ಎಲ್ಲರೂ ಒಟ್ಟಿಗೆ ತಿರುಗಿಸಬೇಕು. ಒಬ್ಬರು ಅವಸರಪಟ್ಟರೂ ಬೆನ್ನು ತಿರುಚುತ್ತದೆ. ಅದಕ್ಕೇ ತಲೆ ಹಿಡಿದವರು ಹೇಳುವ ತನಕ ಉಳಿದವರು ಕೈ ಆಡಿಸುವಂತಿಲ್ಲ, ಎಷ್ಟೇ ದೊಡ್ಡವರಾಗಿರಲಿ. ಆ ದಿನ ತಲೆಗೆ ನಿಂತವರು ವ್ಯಾಯಾಮ ಮಾಡಿಸುವ ಫಿಸಿಯೋ ಮೇಡಂ. ನೋವು ಹೇಗಿದೆ ಎಂದು ವಿಚಾರಿಸಲು ಬಂದಿದ್ದ ಅರಿವಳಿಕೆ ಡಾಕ್ಟರು ಭುಜಕ್ಕೆ, ಸಿಸ್ಟರ್ ಸೊಂಟಕ್ಕೆ. ಗಾಯ ನೋಡಲು ಬಂದ ದೊಡ್ಡ ಡಾಕ್ಟರು ಕಾಲಿನ ಕಡೆ ನಿಂತರು. ಸಾಹುಕಾರನಿಗೆ ಇದು ಸರಿಬರಲಿಲ್ಲ.

"ಡಾಕ್ಟ್ರೇ, ನೀವು ಕಾಲ್ ಹಿಡ್ಕೊಳ್ಳೋದಾ? ತಲೆ ಕಡೆ ಬನ್ನಿ."

"ಇಲ್ಲಿ ಮೇಡಂ ಹೇಳ್ದಂಗೆ ಕೇಳ್ಬೇಕು ಸಾಹುಕಾರ್ರೇ. ಮನೇಲೂ ನಂದು ಇದೇ ಕತೆ."

ಮೇಡಂ ಕೇಳಿದರು, "ಭುಜ?"

"ರೆಡಿ."

"ಸೊಂಟ?"

"ರೆಡಿ ಮೇಡಂ."

"ಕಾಲು?"

"ರೆಡಿ."

ಆಮೇಲೆ ಅವನ ಮುಖದ ಮೇಲೆ ಬಗ್ಗಿ, "ಸಾಹುಕಾರ್ರೇ, ನೀವು?" ಅಂದರು.

ಹಿಂದಿನ ದಿನ ಹೀಗೇ ಕೇಳಿದಾಗ "ಬೇಗ ಮಾಡ್ರೀ" ಎಂದು ಗದರಿದ್ದ. ಈಗ ಗದರಲಿಲ್ಲ. ದೊಡ್ಡ ಡಾಕ್ಟರು ತನ್ನ ಎರಡೂ ಕಾಲು ಹಿಡಿದು ನಿಂತಿದ್ದಾರೆಂದು ಅವನಿಗೆ ಗೊತ್ತು. ಬಲಗಾಲಿಗೆ ಅವರ ಕೈ ತಿಳಿಯುತ್ತಿದೆ. ಎಡಗಾಲಿಗೆ ಇಲ್ಲ.

"ತಡೀರಿ" ಅಂದ.

ಯಾರೂ ಕದಲಲಿಲ್ಲ.

"ಡಾಕ್ಟ್ರೇ, ನನ್ನ ಎಡಗಾಲು ಹಿಡಿದಿದೀರಾ?"

"ಹಿಡಿದಿದೀನಲ್ಲ."

"ನಂಗೆ ಗೊತ್ತಾಗ್ತಿಲ್ಲ."

ಮೇಡಂ ಹೇಳಿದರು, "ಬೆಳಿಗ್ಗೆ ಇದೇ ಕಾಲಲ್ಲಿ ನನ್ನ ಅಂಗೈ ಒತ್ತಿದ್ರು ಸಾರ್, ಜೋರಾಗೇ." ಸಿಸ್ಟರ್ ಮೆಲ್ಲಗೆ ಅಂದರು, "ಗಾಯದ ಟ್ಯೂಬಲ್ಲಿ ರಕ್ತ ಬರೋದು ನಿಂತಿದೆ. ವಾಸಿಯಾಗ್ತಿದೆ ಅನ್ಕೊಂಡೆ." ಅರಿವಳಿಕೆ ಡಾಕ್ಟರು, "ನೋವು ಜಾಸ್ತಿ ಅಂದ್ರು. ಮೊದಲ ದಿನ ಸಹಜ ಅನ್ಕೊಂಡೆ" ಅಂದರು.

ದೊಡ್ಡ ಡಾಕ್ಟರ ಮುಖದಲ್ಲಿ ನಗು ಉಳಿಯಲಿಲ್ಲ. "ಒಳಗೇ ರಕ್ತ ನಿಂತು ನರ ಒತ್ತುತ್ತಿರಬೇಕು. ತಡ ಮಾಡಿದ್ರೆ ಕಾಲು ಹೋಗುತ್ತೆ."

"ಊಟ ಆಯ್ತಾ? ಹೊಟ್ಟೆ ಖಾಲಿ ಇದ್ರೆ ಈಗ್ಲೇ ಅರಿವಳಿಕೆ ಕೊಡಬಹುದು." ಎಂದು ಅರಿವಳಿಕೆ ಡಾಕ್ಟರು ಕೇಳಿದರು.

"ಇಲ್ಲ ಸಾರ್, ಈಗ ಬಿಚ್ಚಿದ್ದು" ಎನ್ನುತ್ತ ಹೆಂಡತಿ ಡಬ್ಬಿ ಮುಚ್ಚಿದಳು.

ನೋಡಿ, ನಾಲ್ವರೂ ಬಲ್ಲವರು. ಒಬ್ಬೊಬ್ಬರ ಹತ್ತಿರ ಒಂದೊಂದು ಚೂರು ಇತ್ತು. ಆ ಚೂರುಗಳು ಒಂದಾದದ್ದು ಯಾವಾಗ? ಮಲಗಿದ್ದವನು ಬಾಯಿ ಬಿಟ್ಟಾಗ.

ಸ್ಕ್ಯಾನಿನಲ್ಲಿ ಅವರೆಂದದ್ದೇ ಕಂಡಿತು. ಮತ್ತೆ ಕೊಯ್ದರು. ಎಚ್ಚರವಾದಾಗ ಮೇಡಂ ಅವನ ಎಡ ಅಂಗಾಲಿಗೆ ಅಂಗೈ ಇಟ್ಟು, "ಒತ್ತಿ" ಅಂದರು. ಆಗಲಿಲ್ಲ. "ಇನ್ನೊಂದ್ಸಲ." ಆಗಲಿಲ್ಲ. ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅವನು ಕಣ್ಣು ಮುಚ್ಚಿ ಎಡ ಅಂಗಾಲಿನ ಕಡೆಗೇ ಗಮನವಿಟ್ಟ. ಕೊನೆಗೆ ಹೇಳಿದ:

"ನಿಮ್ಮ ಕೈ ತಣ್ಣಗಿದೆ ಮೇಡಂ."

ನಿಲ್ಲುವುದಕ್ಕೆ ಅವನಿಗೆ ಆಮೇಲೂ ಬಹಳ ಕಾಲ ಹಿಡಿಯಿತು. ಆದರೆ ನಿಂತ.

ಈಗ ನಿಮ್ಮ ಮನೆಗೆ ಬರೋಣ. ಮಗಳಿಗೆ ಗಂಡು ಗೊತ್ತುಮಾಡುವಾಗ ಸೋದರಮಾವನನ್ನು ಕೇಳುತ್ತೀರಿ, ಚಿಕ್ಕಪ್ಪನನ್ನು ಕೇಳುತ್ತೀರಿ. ಮಗಳನ್ನು ಕೇಳುತ್ತೀರಾ? ಅತ್ತೆಯನ್ನು ಡಾಕ್ಟರ ಹತ್ತಿರ ಕರೆದೊಯ್ದು, ಅವರು ಬಾಯಿ ತೆರೆಯುವ ಮೊದಲೇ, ವಯಸ್ಸಾಯ್ತಲ್ಲ ಡಾಕ್ಟ್ರೇ, ಅಷ್ಟೇ ಎಂದು ನೀವೇ ಉತ್ತರ ಕೊಟ್ಟುಬಿಡುತ್ತೀರಿ. ಸರಿಯೇ ಅದು? ಇವತ್ತಿನಿಂದ ಯಾರ ಬಾಳನ್ನು ತಿರುಗಿಸಲು ಹೊರಟಿದ್ದೀರೋ ಅವರನ್ನು ಕೇಳಿ. ಕೇಳಿ, ಉತ್ತರ ಬರುವ ತನಕ ಕೈ ಹಿಡಿದಿಟ್ಟುಕೊಳ್ಳಿ. ಅವರು ಬೇಡ ಅಂದರೆ ಬೈಯಬೇಡಿ, ಬೈದರೆ ಮುಂದಿನ ಸಲ ಹೇಳುವುದಿಲ್ಲ. ಇನ್ನು, ಮಲಗಿರುವವರು ನೀವೇ ಆದರೆ? ಹೆಂಡತಿ ಕೇಳಿದಾಗ, ಮಗ ಕೇಳಿದಾಗ, ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ. ಎಲ್ಲಿ ಮರಗಟ್ಟಿದೆಯೋ ಅಲ್ಲಿ ಬೆರಳಿಟ್ಟು ತೋರಿಸಿ. ಮನೆಗೆ ಹೋದ ಕೂಡಲೇ ತೋರಿಸಿ, ಊಟಕ್ಕೆ ಕೂರುವ ಮೊದಲೇ.