ವಾರಕ್ಕೊಮ್ಮೆ ಉಪ್ಪು ಮರೆಯುವ ಹೆಂಡತಿ

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಹೆಸರು ಹೇಳುವುದಿಲ್ಲ, ಹೇಳಿದರೆ ಮುಂದಿನ ಸಾಲಿನಲ್ಲಿ ಕುಳಿತ ಯಾರಿಗಾದರೂ ಸಿಟ್ಟು ಬಂದೀತು. ಎರಡು ಎಣ್ಣೆ ಗಿರಣಿ, ಮಹಡಿ ಮನೆ, ಯಾವುದಕ್ಕೂ ಕಡಿಮೆಯಿಲ್ಲ.

ಅವನದೊಂದು ರೂಢಿ ನೋಡಿ. ತಾಟಿನ ಮುಂದೆ ಕುಳಿತರೆ ಮಾತಿಲ್ಲ. ರೊಟ್ಟಿ ಮೆತ್ತಗಿದ್ದರೂ ಮಾತಿಲ್ಲ, ಎಣ್ಣೆಗಾಯಿ ಘಮಘಮಿಸಿದರೂ ಮಾತಿಲ್ಲ. ಚೆನ್ನಾಗಿದ್ದರೆ ಹೇಳುವುದೇನಿದೆ, ಚೆನ್ನಾಗಿರಬೇಕಾದದ್ದೇ ತಾನೆ? ಇದು ಅವನ ವಾದ. ತಪ್ಪಿದ್ದರೆ ಮಾತ್ರ ಬಾಯಿ ತೆರೆಯುತ್ತಿದ್ದ.

ಮೂವತ್ತು ವರ್ಷ ಹೀಗೇ ನಡೆಯಿತು. ಹೆಣ್ಣುಮಕ್ಕಳು ಗಂಡನ ಮನೆಗೆ ಹೋದರು, ಮನೆಯಲ್ಲಿ ಇಬ್ಬರೇ ಉಳಿದರು. ಆಮೇಲೆ ಹೆಂಡತಿ ಉಪ್ಪು ಮರೆಯತೊಡಗಿದಳು. ವಾರಕ್ಕೊಮ್ಮೆ ಪಲ್ಯ ಸಪ್ಪೆ.

“ಏನಿದು? ಉಪ್ಪ ಇಲ್ಲಲ್ಲ ಇದರಾಗ!” ಎಂದು ಅವನು ಗದರುವನು. ಆಕೆ ಓಡಿಬಂದು ಉಪ್ಪು ಬಡಿಸಿ, ಅಲ್ಲೇ ನಿಂತು, “ಈಗ ಸರಿ ಆತೇನ್ರಿ?” ಎನ್ನುವಳು. “ಹೂಂ” ಎನ್ನುವನು.

ಶ್ರೀಮಂತನಿಗೆ ದಿಗಿಲಾಯಿತು. ಇವಳಿಗೆ ಅರಳುಮರಳು ಶುರುವಾಗಿದೆ. ಇಂದು ಉಪ್ಪು, ನಾಳೆ ಒಲೆ ಆರಿಸುವುದನ್ನೇ ಮರೆತರೆ? ಒಬ್ಬ ಅಡುಗೆಯವಳನ್ನು ಗೊತ್ತುಮಾಡಿ ಬಂದು ಹೇಳಿದ: “ನಾಳಿಂದ ನೀ ಅಡಗಿಮನಿಗೆ ಹೋಗಬ್ಯಾಡ. ನಿನಗ ಮರವು ಬಂದೈತಿ.”

ಇದ್ದೊಂದು ಅಡುಗೆಮನೆಯೂ ಕೈಬಿಟ್ಟು ಹೋಗುವ ಹೊತ್ತು. ಆಕೆ ಸವಟು ಕೆಳಗಿಟ್ಟಳು.

“ಮರವು ಬಂದಿಲ್ರೀ. ಬೇಕಂತನ ಹಾಕಿಲ್ಲ.”

“ಬೇಕಂತನ? ಯಾಕ?”

“ಉಪ್ಪು ಹಾಕಿದ ದಿನ ನೀವು ನನ್ನ ಕೂಡ ಮಾತಾಡೂದಿಲ್ಲಲ್ರೀ.”

ಕೇಳಿದಿರಾ? ಒಳ್ಳೆಯ ಮಾತಿನ ಆಸೆ ಬಿಟ್ಟು, ಬೈಗುಳವಾದರೂ ಸಿಗಲಿ ಎಂದು ಕಾದ ಜೀವ ಅದು.

ಶ್ರೀಮಂತ ಅಡುಗೆಯವಳಿಗೆ ಬರಬೇಡವೆಂದು ಹೇಳಿ ಕಳಿಸಿದ. ಮರುದಿನ ಊಟಕ್ಕೆ ಕುಳಿತ. ಏನಾದರೂ ಒಳ್ಳೆಯದು ಹೇಳಬೇಕು, ಹೇಳುವುದೇನು? ತಪ್ಪು ಹುಡುಕಿಯೇ ಪಳಗಿದ ನಾಲಿಗೆ! ಒಂದು ತುತ್ತು ನಿಧಾನವಾಗಿ ಅಗಿದ. ಇನ್ನೊಂದು ತುತ್ತು ಅಗಿದ.

“ಎಣ್ಣೆಗಾಯಿಗೆ ಗುರೆಳ್ಳು ಹಾಕೀಯೇನು?”

“ಮೂವತ್ತು ವರ್ಷದಿಂದ ಹಾಕಾಕತ್ತೇನ್ರಿ.”

ಅವನು ತಲೆ ತಗ್ಗಿಸಿದ. “ಭಾಳ ಚಲೋ ಆಗೈತಿ” ಎಂದ.

ಈಗ ಹೇಳಿ, ಲಾಭ ಯಾರಿಗಾಯಿತು? ಆಕೆಗೆ ಒಂದು ಮಾತು ಸಿಕ್ಕಿತು, ನಿಜ. ಅವನಿಗೋ, ಮೂವತ್ತು ವರ್ಷ ನುಂಗಿದ್ದರ ರುಚಿ ಅಂದು ಸಿಕ್ಕಿತು. ಉಪಕಾರ ಸ್ಮರಣೆ ಎಂದರೆ ಕೊಟ್ಟವರಿಗೆ ನಾವು ತೋರುವ ದೊಡ್ಡತನವಲ್ಲ. ಸಿಕ್ಕಿದ್ದು ನಮಗೆ ನಿಜವಾಗಿ ಸಿಗುವುದೇ ಆಗ.

ನಗಬೇಡಿ, ನಾವೂ ಅವನೇ. ಮೊಣಕಾಲು ನೋಯುವವರೆಗೆ ನಮಗೆ ಮೊಣಕಾಲು ಇದೆ ಎಂದೇ ನೆನಪಿಲ್ಲ. ನಲ್ಲಿ ನಿಂತ ದಿನವೇ ನೀರು ಬಿಡುವವನ ಹೆಸರು ನಮ್ಮ ಬಾಯಲ್ಲಿ, ಅದೂ ಎಂಥ ಮಾತಿನ ಜೊತೆ!

ಇಂದು ಮನೆಗೆ ಹೋಗಿ ಊಟಕ್ಕೆ ಕುಳಿತಾಗ ಒಂದು ಮಾತು ಹೇಳಿ. ಸುಮ್ಮನೆ ‘ಚಲೋ ಆಗೈತಿ’ ಎಂದು ಒಪ್ಪಿಸಬೇಡಿ. ಯಾವುದು ಚಲೋ ಆಗಿದೆ ಎಂದು ಹೆಸರಿಟ್ಟು ಹೇಳಿ. ಅದಕ್ಕೆ ಗಮನವಿಟ್ಟು ಉಣ್ಣಬೇಕಾಗುತ್ತದೆ. ತಾಯಂದಿರೇ, ಅವರು ಹೇಳಿದಾಗ ‘ಇವತ್ತೇನು ಬೇಕಾಗೈತಿ?’ ಎಂದು ಕೇಳಬೇಡಿ ಮತ್ತೆ!

ಮತ್ತು ಎಂದಾದರೂ ನಿಮ್ಮ ಮನೆಯಲ್ಲಿ ಪಲ್ಯ ಸಪ್ಪೆಯಾದರೆ, ಗದರುವ ಮೊದಲು ನೆನಪು ಮಾಡಿಕೊಳ್ಳಿ: ಉಪ್ಪು ಸರಿಯಿದ್ದ ದಿನ ನೀವು ಏನು ಮಾತಾಡಿದ್ದಿರಿ?