ತಾಯಿಯ ಎತ್ತರ

ಕಲಬುರಗಿ ಬಸ್ ನಿಲ್ದಾಣದಲ್ಲಿ ಕಮಲಾಪುರದ ಬಸ್ಸಿಗಾಗಿ ಕಾಯುತ್ತಿದ್ದ ಸುನಂದಾಳ ಹಿಂದಿನ ಬೆಂಚಿನಲ್ಲಿ ಪಿ.ಟಿ. ಮಾಸ್ತರರೊಬ್ಬರು ಕುಳಿತಿದ್ದರು. ಅವರ ಪಕ್ಕದಲ್ಲಿದ್ದವನ ತೊಡೆಯ ಮೇಲೆ ಹೊಸ ಬೂಟಿನ ಡಬ್ಬಿ. ಅವನ ಮಗಳು, ನಾಲ್ಕನೇ ತರಗತಿಯವಳು, ನಲ್ಲಿಯ ಹತ್ತಿರ ನೀರು ಕುಡಿಯುತ್ತಿದ್ದಳು. ಇಬ್ಬರ ಮಾತು ಸುನಂದಾಳ ಕಿವಿಗೆ ಬೀಳುತ್ತಿತ್ತು.

“ಶಫಿ ಭಾಯ್, ನಾಳಿ ವಾಲಿಬಾಲ್ ಹಾಸ್ಟೆಲಿನ ಆಯ್ಕಿಗೆ ತಾಯಿ ಎತ್ತರನೂ ಕೇಳ್ತಾರ. ಹುಡುಗಿ ಎಷ್ಟು ಬೆಳೀತಾಳಂತ ಅದರ ಮ್ಯಾಲೆ ಅಂದಾಜು ಮಾಡ್ತಾರ. ಎಷ್ಟಿದ್ರು ಅವರು?”

“ಗೊತ್ತಿಲ್ರೀ ಸರ್.”

“ಸಂಸಾರ ಮಾಡೀರಿ, ಹೇಣ್ತಿ ಎತ್ತರ ಗೊತ್ತಿಲ್ಲೇನ್ರೀ!”

“ಆಕಿ ನೆಟ್ಟಗ ನಿಂತಿದ್ದು ನಾ ನೋಡೇ ಇಲ್ರೀ. ‘ಮಿನಾರ್ ಬಂತು ನೋಡ್ರಿ’ ಅಂತ ಓಣಿ ಮಂದಿ ನಗ್ತಿದ್ರು. ಬಾಗೇ ನಡೀತಿದ್ಳು.”

ಶಫಿ ತೊಡೆಯ ಮೇಲಿನ ಡಬ್ಬಿಯನ್ನು ಸರಿಪಡಿಸಿಕೊಂಡ.

“ತೀರಿಕೊಂಡ ದಿನ ಮಲಗಿಸಿದಾಗ ತಿಳೀತು. ಮೈಗೆ ಹೊದಿಸಾಕ ತಂದಿದ್ದ ಕಫನ್ ಸಾಲಲಿಲ್ಲ. ಬಟ್ಟಿ ತರಾಕ ಮತ್ತ ಬಜಾರಕ್ಕ ಓಡಿದೆ.”

ಮಾಸ್ತರರು ನಲ್ಲಿಯ ಹತ್ತಿರವಿದ್ದ ಹುಡುಗಿಯತ್ತ ನೋಡಿದರು.

“ತಬಸ್ಸುಮ್ ಸುದ್ದಾ ಸಾಲಿನ್ಯಾಗ ಮೊಣಕಾಲು ಮಡಚಿ ನಿಲ್ತಾಳ್ರಿ. ನಾಳಿ ಹಂಗ ನಿಂತ್ರ ಗಿಡ್ಡಿ ಅಂತ ಕೈಬಿಡ್ತಾರ.”

“ತಾಯಿ ಹೋದಾಗ ಆಕಿ ಹಾಲು ಕುಡಿಯೋ ಕೂಸು ಸರ್. ತಾಯಿ ನಡಿಗಿ ಆಕಿ ನೋಡೇ ಇಲ್ಲ. ಇದನ್ನ ಯಾರ ಹತ್ರ ಕಲ್ತಳ್ರೀ?”

ಬಸ್ಸು ಬಂತು. ಹುಡುಗಿ ಎಲ್ಲರಿಗಿಂತ ಮೊದಲು ಓಡಿದಳು. ಬಾಗಿಲಲ್ಲಿ ಅವಳ ನೆತ್ತಿಯ ಮೇಲೆ ಮೊಳದಷ್ಟು ಜಾಗವಿತ್ತು. ಆದರೂ ತಲೆ ತಗ್ಗಿಸಿ, ಬೆನ್ನು ಬಾಗಿಸಿ ಒಳಗೆ ಕಾಲಿಟ್ಟಳು.

“ಬಾಗಬ್ಯಾಡ ಬೇಟಿ,” ಎಂದ ಶಫಿ ಹಿಂದಿನಿಂದ. “ಬಾಗಿಲಾ ಭಾಳ ಎತ್ತರ ಅದ.”